ಪರೀಕ್ಷೆ ಹಡಗು ಹತ್ತುವವರಿಗೆ ಮಾತ್ರವೇ?

ಒಣಮೆಣಸಿನಕಾಯಿ, ಎಳ್ಳು, ಕಾಳುಗಳ ಹುಳು ಕೊಲ್ಲಲು ವಿಷಾನಿಲ ಬಳಸುವುದು ಹಳೆಯ ರೂಢಿ. ಚೀಲ ಬಿಚ್ಚಿದೊಡನೆ ಅನಿಲ ಹಾರಿಹೋಗುತ್ತದೆ, ಇನ್ನು ಪರೀಕ್ಷೆ ಏತಕ್ಕೆ ಎಂದು ಕೇಳುವವರುಂಟು. ಈ ಮಾತು ಅರ್ಧ ಮಾತ್ರ ನಿಜ.

ಅಲ್ಯೂಮಿನಿಯಂ ಫಾಸ್ಫೈಡಿನ 3 ಗ್ರಾಂ ಗುಳಿಗೆ ಗಾಳಿಯ ತೇವ ಹೀರಿ 1 ಗ್ರಾಂ ಫಾಸ್ಫೀನ್ ಬಿಡುತ್ತದೆ. ಚೆನ್ನಾಗಿ ಗಾಳಿಯಾಡಿಸಿದರೆ ಇದರ ಬಹುಭಾಗ ಹೊರಟುಹೋಗುತ್ತದೆ. ಮಸಾಲೆ ಪದಾರ್ಥಗಳಲ್ಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಳಸುವ ಎಥಿಲೀನ್ ಆಕ್ಸೈಡ್ ಹಾಗಲ್ಲ. ಪದಾರ್ಥದಲ್ಲಿರುವ ಕ್ಲೋರೈಡಿನೊಂದಿಗೆ ಕೂಡಿ ಅದು ಬೇರೆ ರೂಪ ತಾಳಿ ಉಳಿದುಬಿಡುತ್ತದೆ. ಇದನ್ನು ಕಣ್ಣು, ಮೂಗು ಹೇಳಲಾರವು, ಪ್ರಯೋಗಶಾಲೆಯೇ ಹೇಳಬೇಕು.

2020ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂ ದೇಶವು ಭಾರತದ ಎಳ್ಳಿನಲ್ಲಿ ಈ ವಿಷಶೇಷವನ್ನು ಕಂಡುಹಿಡಿಯಿತು. ಎಳ್ಳಿಗೆ ಯುರೋಪಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ. ಎಳ್ಳು ಬೆರೆತ ತಿನಿಸುಗಳನ್ನೂ ಅಲ್ಲಿನ ಅಂಗಡಿಗಳಿಂದ ಹಿಂದಕ್ಕೆ ತೆಗೆದರು. 2024ರಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ನಮ್ಮ ಮಸಾಲೆ ಪುಡಿಗಳ ಮೇಲೆ ಇದೇ ಆಕ್ಷೇಪಣೆ ಬಂದಾಗ, ಅಲ್ಲಿಗೆ ಹೋಗುವ ಸರಕಿಗೆ ಸಂಬಾರ ಮಂಡಳಿಯು ಪರೀಕ್ಷೆಯನ್ನು ಕಡ್ಡಾಯ ಮಾಡಿತು.

ಒಳ್ಳೆಯದೇ. ಆದರೆ ಬಂದರಿನಲ್ಲಿ ಸಿಕ್ಕಿಬಿದ್ದ ಸರಕಿನಲ್ಲಿ ನೂರು ರೈತರ ಚೀಲ ಬೆರೆತಿರುತ್ತವೆ. ತಪ್ಪು ಯಾರದೆಂದು ತಿಳಿಯುವುದಿಲ್ಲ; ಬೇಡಿಕೆ ಕುಸಿದರೆ ಪೆಟ್ಟು ಮಾತ್ರ ಬೆಳೆದವನಿಗೆ. ಮೇಲಾಗಿ ನಮ್ಮ ಮಕ್ಕಳ ತಟ್ಟೆಗೆ ಬರುವ ಪದಾರ್ಥ ಬಂದರಿಗೆ ಹೋಗುವುದೇ ಇಲ್ಲ. ಹೊರನಾಡಿನವರ ಹೊಟ್ಟೆಗೊಂದು ನ್ಯಾಯ, ನಮ್ಮ ಹೊಟ್ಟೆಗೊಂದು ನ್ಯಾಯವೇ?

ಆದ್ದರಿಂದ ಬ್ಯಾಡಗಿಯಂತಹ ದೊಡ್ಡ ಮಾರುಕಟ್ಟೆಗಳ ಪ್ರಾಂಗಣದಲ್ಲಿಯೇ ಮಾದರಿ ತೆಗೆಯುವ ಏರ್ಪಾಡು ಆಗಬೇಕು. ಗೋದಾಮು ಹಾಗೂ ಪುಡಿ ಕಾರ್ಖಾನೆಗಳ ಸರಕನ್ನೂ ಬಿಡಬಾರದು. ಖರ್ಚನ್ನು ಮಾರುಕಟ್ಟೆ ಶುಲ್ಕದಿಂದ ಭರಿಸಬೇಕೇ ಹೊರತು ರೈತನ ಪಟ್ಟಿಯಲ್ಲಿ ಮುರಿದುಕೊಳ್ಳಬಾರದು. ಮಾದರಿಯನ್ನು ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು, ಪುಡಿಮಾಡದೆ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ತಂಪಾಗಿ ಕಳುಹಿಸಬೇಕು. ಬಟ್ಟೆ ಚೀಲದಲ್ಲಿ ಕಳುಹಿಸಿದರೆ ಅನಿಲ ದಾರಿಯಲ್ಲಿಯೇ ಹಾರಿ, ವರದಿ ಸುಳ್ಳಾಗುತ್ತದೆ.

ರೈತ ಬಾಂಧವರ ಪಾಲೂ ಇದೆ. ಮೆಣಸಿನಕಾಯಿಯನ್ನು ನೆಲಕ್ಕೆ ಹರಡದೆ ತಾಡಪಾಲಿನ ಮೇಲೆ, ತೇವಾಂಶ ಶೇ. 10ರ ಸುಮಾರಿಗೆ ಇಳಿಯುವವರೆಗೆ ಒಣಗಿಸಿರಿ. ಬಹುಕಾಲ ಇಡುವುದಿದ್ದರೆ ಶೀತಲಗೃಹ ಲೇಸು. ಮನೆಯೊಳಗಿನ ಚೀಲಕ್ಕೆ ಗುಳಿಗೆ ಹಾಕಲೇಬೇಡಿರಿ. ಅದನ್ನು ತಜ್ಞರ ಉಸ್ತುವಾರಿಯಲ್ಲಿ ಮಾತ್ರ ಬಳಸಬೇಕೆಂದು ಕಾನೂನೇ ಇದೆ. ಪಕ್ಕದಲ್ಲಿ ಮಲಗಿದವರ ಜೀವಕ್ಕೇ ಅದು ಅಪಾಯ.

ಚೆನ್ನಾಗಿ ಒಣಗಿಸಿದ ರೈತನಿಗೆ ಪರೀಕ್ಷೆಯ ಭಯವಿಲ್ಲ. ಅವನ ಮಾಲು ಶುದ್ಧವೆಂಬುದಕ್ಕೆ ಅದೇ ಸಾಕ್ಷಿ.