ತೊಳೆಸದ ರೀಲು ಯಂತ್ರದೊಳಗೆ ಹೋಗಬಾರದು

ಫಿಲ್ಮ್ ಕ್ಯಾಮೆರಾಗಳು ಮತ್ತೆ ಹೆಗಲೇರಿವೆ. ಅಟ್ಟದ ಮೇಲಿನ ಟ್ರಂಕಿನಿಂದ ಅಜ್ಜನ ಕಾಲದ ಯಾಶಿಕಾ ಇಳಿಸಿ, ದೂಳು ಕೊಡವಿ, ಆನ್‌ಲೈನಿನಲ್ಲಿ ರೀಲು ತರಿಸಿಕೊಳ್ಳುವ ಹುಡುಗ ಹುಡುಗಿಯರು ಈಗ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲೂ ಸಿಗುತ್ತಾರೆ. ಮದುವೆಮನೆಯಲ್ಲಿ ಕೂಡಲೇ ಫೋಟೋ ಹೊರಗೆ ಹಾಕುವ ಇನ್‌ಸ್ಟಾಕ್ಸ್ ಕ್ಯಾಮೆರಾ ಅಂತೂ ಸಾಮಾನ್ಯವಾಗಿದೆ. ವಿಮಾನ ಪ್ರಯಾಣವೂ ಹಿಂದಿನಷ್ಟು ದೂರದ ಮಾತಾಗಿ ಉಳಿದಿಲ್ಲ. ನಮ್ಮ ಉತ್ತೂರ ಕಡೆಯವರಿಗೆ ಒಂದು ದಿಕ್ಕಿಗೆ ಕೊಲ್ಹಾಪುರದ ಉಜಳಾಯಿವಾಡಿ, ಇನ್ನೊಂದು ದಿಕ್ಕಿಗೆ ಬೆಳಗಾವಿಯ ಸಾಂಬ್ರಾ, ಆಂಬೋಲಿ ಘಾಟು ಇಳಿದರೆ ಗೋವೆಯ ಮೋಪಾ. ಈ ಎರಡೂ ಬೆಳವಣಿಗೆಗಳು ಎದುರುಬದುರಾಗುವ ಜಾಗ ಒಂದಿದೆ. ಅದು ಭದ್ರತಾ ತಪಾಸಣೆಯ ಬೆಲ್ಟ್. ತಿಂಗಳುಗಟ್ಟಲೆ ಜೋಪಾನ ಮಾಡಿದ ರೀಲು ಅಲ್ಲಿ ಕೆಲವೇ ಸೆಕೆಂಡುಗಳಲ್ಲಿ ಹಾಳಾಗಬಹುದು.

ಕಾರಣ ಫಿಲ್ಮಿನ ಹುಟ್ಟುಗುಣದಲ್ಲೇ ಇದೆ. ಅದರ ಮೇಲಿನ ಲೇಪದಲ್ಲಿ ಬೆಳ್ಳಿಯ ಲವಣದ ಅತಿಸಣ್ಣ ಹರಳುಗಳು ಹುದುಗಿರುತ್ತವೆ. ಬೆಳಕು ತಾಗಿದ ಹರಳಿನೊಳಗೆ ಕಣ್ಣಿಗೆ ಕಾಣದ ಬದಲಾವಣೆ ಆಗುತ್ತದೆ. ರೀಲು ತೊಳೆದಾಗ ಅದೇ ಹರಳು ಕಪ್ಪು ಬೆಳ್ಳಿಯಾಗಿ ಚಿತ್ರ ಮೂಡಿಸುತ್ತದೆ. ಈ ಹರಳಿಗೆ ಬೆಳಕೂ ಒಂದೇ, ಕ್ಷ-ಕಿರಣವೂ ಒಂದೇ. 1895ರಲ್ಲಿ ರಂಟ್ಜನ್ ಕ್ಷ-ಕಿರಣ ಕಂಡುಹಿಡಿದಾಗ ಹೆಂಡತಿಯ ಕೈಮೂಳೆ, ಬೆರಳಿನ ಉಂಗುರ ಮೂಡಿದ್ದು ಫೋಟೋ ಪ್ಲೇಟಿನ ಮೇಲೆಯೇ. ಮರುವರ್ಷ ಬೆಕೆರೆಲ್ ಕಪ್ಪು ಕಾಗದದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟ ಪ್ಲೇಟು ಯುರೇನಿಯಂ ಲವಣದ ಸಹವಾಸಕ್ಕೆ ಕಪ್ಪಾಯಿತು. ವಿಕಿರಣಶೀಲತೆ ಗೊತ್ತಾದದ್ದು ಹಾಗೆ. ದವಾಖಾನೆಯಲ್ಲಿ ಮುರಿದ ಕೈಯ ಎಕ್ಸ್‌ರೇ ತೆಗೆಯುತ್ತಿದ್ದದ್ದೂ ಬಹುಕಾಲ ಫಿಲ್ಮಿನ ಮೇಲೆಯೇ. ಕ್ಷ-ಕಿರಣವನ್ನು ಹಿಡಿದಿಟ್ಟುಕೊಳ್ಳುವ ವಸ್ತುವನ್ನೇ ಕ್ಷ-ಕಿರಣದ ಯಂತ್ರದೊಳಗೆ ಕಳಿಸಿದರೆ ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ.

ಎಷ್ಟು ಹಾನಿ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ಫಿಲ್ಮಿನ ವೇಗ. ಐಎಸ್‌ಒ 100, 200, 400ರ ರೀಲುಗಳು ಕೈಚೀಲದ ಹಳೆಯ ಮಾದರಿ ಎಕ್ಸ್‌ರೇ ಯಂತ್ರವನ್ನು ನಾಲ್ಕಾರು ಸಲ ತಾಳಿಕೊಳ್ಳುತ್ತವೆ. 800 ಮತ್ತು ಅದಕ್ಕಿಂತ ಮೇಲಿನವು ಸೂಕ್ಷ್ಮ. ಕೊಡ್ಯಾಕ್‌ನ ಪಿ3200, ಇಲ್‌ಫೋರ್ಡಿನ ಡೆಲ್ಟಾ 3200 ಇನ್ನೂ ಸೂಕ್ಷ್ಮ. ಇನ್‌ಸ್ಟಾಕ್ಸ್ ಫಿಲ್ಮೂ 800ರದೇ ಎಂಬುದು ಅದನ್ನು ಕೊಳ್ಳುವವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಎರಡು, ಎಷ್ಟು ಸಲ ಹಾಯಿತು ಎಂಬ ಲೆಕ್ಕ. ಒಂದು ನಿಲ್ದಾಣದಲ್ಲಿ ಬಿದ್ದ ಕಿರಣ ಮುಂದಿನ ನಿಲ್ದಾಣಕ್ಕೆ ಬರುವಷ್ಟರಲ್ಲಿ ಅಳಿಸಿಹೋಗಿರುವುದಿಲ್ಲ. ಹನಿ ಹನಿ ಕೂಡಿಯೇ ಹಳ್ಳ. ಕೊಲ್ಹಾಪುರದಲ್ಲಿ ಹತ್ತಿ, ಮುಂಬೈಯಲ್ಲಿ ವಿಮಾನ ಬದಲಿಸಿ, ದುಬೈ ದಾಟಿ ಲಂಡನ್ನಿಗೆ ಹೋಗಿ, ಅದೇ ದಾರಿಯಲ್ಲಿ ಮರಳಿದ ರೀಲು ಅಷ್ಟೂ ಕಡೆಯ ಕಿರಣ ಉಂಡಿರುತ್ತದೆ.

ಈ ಲೆಕ್ಕವೆಲ್ಲ ಹಳೆಯ ಯಂತ್ರದ್ದು. ಹೊಸದಾಗಿ ಬರುತ್ತಿರುವುದು ಸಿ.ಟಿ. ಯಂತ್ರ. ಅದು ಚೀಲವನ್ನು ಸುತ್ತಲಿಂದ ಪದರ ಪದರವಾಗಿ ನೋಡಿ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಲ್ಯಾಪ್‌ಟಾಪ್ ಹೊರತೆಗೆಯುವ ತಾಪತ್ರಯ ತಪ್ಪುತ್ತದೆ, ಸಾಲು ಬೇಗ ಸರಿಯುತ್ತದೆ. ದೇಶದ ದೊಡ್ಡ ನಿಲ್ದಾಣಗಳಲ್ಲಿ ಕೈಚೀಲಕ್ಕೂ ಇದನ್ನೇ ಇಡಬೇಕೆಂಬುದು ಸರಕಾರದ ನಿರ್ಧಾರ. ಬೆಂಗಳೂರಿನ ಎರಡನೇ ಟರ್ಮಿನಲ್ಲಿನಲ್ಲಿ ಪ್ರಯೋಗವೂ ನಡೆದಿದೆ. ಪ್ರಯಾಣಿಕರಿಗೆ ಇದು ಅನುಕೂಲವೇ. ಆದರೆ ಇದರ ಕಿರಣ ಎಷ್ಟೋ ಪಟ್ಟು ಹೆಚ್ಚು. ಯಾವ ವೇಗದ ರೀಲೇ ಇರಲಿ, ತೊಳೆಸದೆ ಇದ್ದರೆ ಸಿ.ಟಿ.ಗೆ ಒಂದು ಸಲವೂ ಕಳಿಸಬೇಡಿ ಎಂದು ಫಿಲ್ಮ್ ತಯಾರಿಸುವ ಕಂಪನಿಗಳೇ ಎಚ್ಚರಿಸಿವೆ. ಹಾಗೆ ಕೆಟ್ಟ ರೀಲನ್ನು ತೊಳೆದು ಬೆಳಕಿಗೆ ಹಿಡಿದರೆ ಉದ್ದಕ್ಕೂ ಅಲೆ ಅಲೆಯಾಗಿ ಬೂದು ಪಟ್ಟೆ ಕಾಣುತ್ತದೆ. ಮುಖದ ನೆರಳು ಇರಬೇಕಾದಲ್ಲಿ ಮಬ್ಬು, ಕಪ್ಪು ಸೀರೆ ಇರಬೇಕಾದಲ್ಲಿ ಕೆಸರುಬಣ್ಣ, ಎಲ್ಲೆಡೆ ಒರಟು ಕಾಳು. ಯಾವ ಲ್ಯಾಬಿನವನೂ ಅದನ್ನು ಪೂರ್ತಿ ಸರಿಮಾಡಲಾರ.

ಭದ್ರತೆ ಸಡಿಲವಾಗಲಿ ಎಂದು ನಾನು ಹೇಳುತ್ತಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು 329 ಜನ ಸತ್ತರು. ಬಾಂಬು ಇದ್ದದ್ದು ವಿಮಾನದ ಹೊಟ್ಟೆಗೆ ಹಾಕಿದ ಸಾಮಾನಿನಲ್ಲಿ. ಅಂದು ಟೊರಾಂಟೊದಲ್ಲಿ ಎಕ್ಸ್‌ರೇ ಯಂತ್ರ ಕೆಟ್ಟು ನಿಂತಿತ್ತು. 1999ರ ಡಿಸೆಂಬರಿನ ಕಂದಹಾರ್ ಅಪಹರಣದ ಮರುವರ್ಷವೇ ನಮ್ಮ ನಿಲ್ದಾಣಗಳ ಕಾವಲು ಸಿಐಎಸ್‌ಎಫ್ ಕೈಗೆ ಹೋಗತೊಡಗಿತು. ಹೆಣಗಳ ಲೆಕ್ಕದಿಂದ ಕಲಿತ ಪಾಠ ಇದು. ಬೆಲ್ಟಿನ ಬಳಿ ನಿಂತ ಜವಾನನಿಗೆ ಚೀಲದೊಳಗಿನ ಪ್ರತಿ ವಸ್ತುವನ್ನೂ ನೋಡುವ ಹಕ್ಕಿದೆ, ನೋಡಲೇಬೇಕು. ಆದರೆ ಫಿಲ್ಮನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಸ್ಫೋಟಕದ ಪತ್ತೆಗೆ ಒಂದು ಪಟ್ಟಿಯಿಂದ ಒರೆಸಿ ನೋಡಿದರೂ ತಪಾಸಣೆ ಆಗುತ್ತದೆ. ಅದು ಒಂದೆರಡು ನಿಮಿಷದ ಕೆಲಸ.

ಅಮೆರಿಕ ಇದನ್ನು ಕಾನೂನಿನಲ್ಲೇ ಬರೆದಿಟ್ಟಿದೆ. ಪ್ರಯಾಣಿಕ ಕೇಳಿಕೊಂಡರೆ ಅವನ ಕ್ಯಾಮೆರಾ, ಫಿಲ್ಮುಗಳನ್ನು ಎಕ್ಸ್‌ರೇಗೆ ಒಡ್ಡದೆ ತಪಾಸಣೆ ಮಾಡಬೇಕು. ಹಾಗೆ ಕೇಳಬಹುದೆಂಬ ಫಲಕವನ್ನೂ ಯಂತ್ರದ ಬಳಿ ಹಾಕಬೇಕು. 11 ಸೆಪ್ಟೆಂಬರ್ ದಾಳಿಯನ್ನು ಕಂಡ ದೇಶವೇ ಈ ನಿಯಮ ಇಟ್ಟುಕೊಂಡಿದೆ ಎಂಬುದನ್ನು ಗಮನಿಸಬೇಕು. ನಮ್ಮ ನಿಲ್ದಾಣಗಳಲ್ಲಿ ಅಂಥ ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ. ಇಲ್ಲಿ ಎಲ್ಲವೂ ಆ ಹೊತ್ತಿಗೆ ಬೆಲ್ಟಿನ ಬಳಿ ಯಾರಿದ್ದಾರೆ ಎಂಬುದರ ಮೇಲೆ. ಒಬ್ಬರು ನಗುತ್ತ ಡಬ್ಬಿ ತೆರೆದು ನೋಡಿ ಮರಳಿಸುತ್ತಾರೆ; ಇನ್ನೊಬ್ಬರು ಮಾತು ಮುಗಿಯುವ ಮೊದಲೇ ಟ್ರೇ ಒಳಗೆ ತಳ್ಳುತ್ತಾರೆ. ಇಪ್ಪತ್ತರ ಹರೆಯದ ಜವಾನ ರೀಲನ್ನೇ ಕಂಡಿರಲಿಕ್ಕಿಲ್ಲ. ತಪ್ಪು ಅವನದಲ್ಲ, ಅವನಿಗೆ ಹೇಳಿಕೊಡದ ವ್ಯವಸ್ಥೆಯದು.

ರೀಲು ಕೆಟ್ಟರೆ ಕೆಟ್ಟಂತೆಯೇ; ಮೊಬೈಲಿನ ಫೋಟೋ ಹಾಗಲ್ಲ. ಹೋದರೆ ಇನ್ನೊಂದು ಕಡೆ ಪ್ರತಿ ಇರುತ್ತದೆ. ತೊಳೆಸದ ರೀಲಿಗೆ ಪ್ರತಿ ಇಲ್ಲ. ಕೊಲ್ಹಾಪುರ ಸೀಮೆಯವರಿಗೆ ಈ ಮಾತಿನ ತೂಕ ಬೇರೆಯವರಿಗಿಂತ ಹೆಚ್ಚು ಗೊತ್ತಿರಬೇಕು. ಬಾಬುರಾವ್ ಪೇಂಟರ್ ತಮ್ಮ ಕೈಯಾರೆ ಸಿನಿಮಾ ಕ್ಯಾಮೆರಾ ಕಟ್ಟಿದ ಊರು ಅದು. 1929ರಲ್ಲಿ ಪ್ರಭಾತ್ ಕಂಪನಿ ಹುಟ್ಟಿದ್ದೂ ಅಲ್ಲೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶನದಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಟಿಸಿದ ಆ ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಇಂದು ಅದರ ಒಂದು ಪ್ರತಿಯೂ ಇಲ್ಲ. ಆ ನಷ್ಟಕ್ಕೂ ವಿಮಾನ ನಿಲ್ದಾಣಕ್ಕೂ ಸಂಬಂಧವಿಲ್ಲ, ನಿಜ. ಆದರೆ ಫಿಲ್ಮಿನ ಮೇಲಿದ್ದದ್ದು ಹೋದರೆ ಯಾವ ಸರಕಾರ, ಯಾವ ಹಣ ಬಂದರೂ ಮರಳಿ ತರಲಾಗದು ಎಂಬುದಕ್ಕೆ ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳೂ ಮೊದಲು ತೊಳೆಸದ ರೀಲುಗಳಾಗಿಯೇ ಇದ್ದವು.

ಪ್ರಯಾಣಿಕರು ತಮ್ಮ ಪಾಲಿನ ಎಚ್ಚರ ವಹಿಸಬೇಕು. ರೀಲನ್ನು ಎಂದೂ ಚೆಕ್-ಇನ್ ಸಾಮಾನಿನಲ್ಲಿ ಹಾಕಬೇಡಿ. ಅಲ್ಲಿಯ ಕಿರಣ ಎಲ್ಲಕ್ಕಿಂತ ತೀವ್ರ. ರಟ್ಟಿನ ಪೆಟ್ಟಿಗೆ, ಕಪ್ಪು ಡಬ್ಬಿ ತೆಗೆದು ರೀಲುಗಳನ್ನಷ್ಟೇ ಪಾರದರ್ಶಕ ಜಿಪ್ ಚೀಲದಲ್ಲಿಡಿ. ಕ್ಯಾಮೆರಾದೊಳಗೆ ಅರ್ಧ ಮುಗಿದ ರೀಲು ಇಟ್ಟುಕೊಂಡು ಹೊರಡಬೇಡಿ. ಸೀಸದ ಚೀಲ ನೆಚ್ಚಬೇಡಿ. ಪರದೆಯ ಮೇಲೆ ಅದು ಕಪ್ಪು ಗಡ್ಡೆಯಾಗಿ ಕಂಡು ಅನುಮಾನ ಹುಟ್ಟಿಸುತ್ತದೆ, ಚೀಲ ಮತ್ತೊಮ್ಮೆ ಯಂತ್ರಕ್ಕೆ ಹೋಗುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ, ಟ್ರೇ ಇಡುವ ಮುನ್ನ ಚೀಲ ಕೈಯಲ್ಲಿ ಹಿಡಿದು, ‘ಸರ್, ತೊಳೆಸದ ಫಿಲ್ಮ್ ಇದೆ, ಹ್ಯಾಂಡ್ ಚೆಕ್ ಮಾಡಿ’ ಎಂದು ಸಮಾಧಾನದಿಂದ ಕೇಳಿ. ಸಾಧ್ಯವಾದರೆ ಹೋದ ಊರಿನಲ್ಲೇ ತೊಳೆಸಿಬಿಡಿ. ತೊಳೆದ ನೆಗೆಟಿವ್‌ಗೆ ಯಾವ ಯಂತ್ರದಿಂದಲೂ ಅಪಾಯವಿಲ್ಲ.

ಉಳಿದದ್ದು ಸರಕಾರದ ಕೆಲಸ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಿ, ಕೇಳಿದವರ ಫಿಲ್ಮನ್ನು ಕೈಯಿಂದಲೇ ತಪಾಸಣೆ ಮಾಡಬೇಕೆಂದು ಹೇಳಲಿ. ಸಿ.ಟಿ. ಯಂತ್ರ ಇಟ್ಟಲ್ಲೆಲ್ಲ ಅದರ ಪಕ್ಕದಲ್ಲೇ ಫಲಕ ಹಾಕಲಿ. ಕೊಲ್ಹಾಪುರದಲ್ಲಿ ಮರಾಠಿ ಇರಲಿ, ಬೆಳಗಾವಿಯಲ್ಲಿ ಕನ್ನಡ ಇರಲಿ. ಜವಾನರ ತರಬೇತಿಯಲ್ಲಿ ಒಂದು ರೀಲನ್ನು ಕೈಗೆ ಕೊಟ್ಟು ತೋರಿಸಲಿ. ದೊಡ್ಡ ಖರ್ಚಿನ ಬಾಬು ಇದರಲ್ಲಿ ಒಂದೂ ಇಲ್ಲ. ಹೊಸ ಯಂತ್ರಗಳು ಎಲ್ಲ ನಿಲ್ದಾಣಗಳಿಗೆ ಬಂದು ಕೂರುವ ಮೊದಲೇ ಈ ಆದೇಶ ಬರಬೇಕು.