ಸಂಪಾದಕರ ಮಾತು: ಬಿಟ್ಟ ಸ್ಥಳ ತುಂಬಿರಿ

‘ಅಮ್ಮ ತಲೆಗೆ ಹೂ ______.’ ಆವರಣದಲ್ಲಿ ನಾಲ್ಕು ಪದಗಳು: ಕಟ್ಟಿದಳು, ಮುಡಿದಳು, ಇಟ್ಟಳು, ಹಾಕಿದಳು. ಸರಿಯಾದುದನ್ನು ಆರಿಸಿ ಬರೆಯಬೇಕು. ಒಂದು ಅಂಕ.

ಕನ್ನಡ ಕಲಿಸುವ ಅಭ್ಯಾಸ ಪುಸ್ತಕಗಳಲ್ಲಿ ಈ ಬಗೆಯ ಪ್ರಶ್ನೆ ತಪ್ಪದೆ ಇರುತ್ತದೆ. ಮಂಡ್ಯದ ಕಡೆಯ ಮಗು ಯೋಚನೆಯೇ ಮಾಡದೆ ‘ಮುಡಿದಳು’ ಎಂದು ಬರೆದು ಮುಂದಕ್ಕೆ ಹೋದೀತು. ಹಲಸೂರಿನ ತಮಿಳು ಮನೆಯ ಮಗುವಿಗೆ ಅಷ್ಟು ಸುಲಭವಿಲ್ಲ. ತಮಿಳಿನಲ್ಲಿ ಹೂವನ್ನು ತಲೆಗೆ ‘ವೈ’ ಎನ್ನುತ್ತಾರೆ, ಅಂದರೆ ಇಡು. ಕೆ.ಆರ್. ಪುರದ ತೆಲುಗು ಮನೆಯಲ್ಲಿ ‘ಪೆಟ್ಟುಕೋ’, ಅದೂ ಇಡುವುದೇ. ಶಿವಾಜಿನಗರದ ಉರ್ದು ಮನೆಯಲ್ಲಿ ‘ಲಗಾನಾ’, ಹಚ್ಚುವುದು. ಈ ಮಕ್ಕಳು ‘ಇಟ್ಟಳು’ ಎಂದು ಬರೆದರೆ ಅದಕ್ಕೆ ಮನೆಮಾತಿನ ಬಲವಾದ ಆಧಾರವಿದೆ. ಬೆಂಗಳೂರಿನ ಆಡುಮಾತಿನಲ್ಲೂ ‘ಹೂ ಇಟ್ಕೊಳ್ಳಿ’ ಎಂಬುದು ಚೆನ್ನಾಗಿಯೇ ಕೇಳಿಬರುತ್ತದೆ. ಹಾಗಿದ್ದೂ ಉತ್ತರದ ಮೇಲೆ ಕೆಂಪು ಗೆರೆ ಬೀಳುತ್ತದೆ. ಯಾಕೆ ತಪ್ಪು ಎಂದು ಹೇಳುವವರು ಕಡಿಮೆ.

ವಾಕ್ಯದಲ್ಲಿ ಬಿಟ್ಟ ಜಾಗಕ್ಕೆ ಯಾವ ಪದ ಬರಬೇಕೆಂದು ತೀರ್ಮಾನಿಸುವುದು ಅದರ ಪಕ್ಕದಲ್ಲಿರುವ ಪದ. ಅರ್ಥದ ಪಟ್ಟಿ ಬಾಯಿಪಾಠ ಮಾಡಿದರೆ ಇದು ಬರುವುದಿಲ್ಲ. ಮೈಮೇಲೆ ಧರಿಸುವ ಒಂದು ಕೆಲಸಕ್ಕೆ ಕನ್ನಡದಲ್ಲಿ ಎಷ್ಟು ಕ್ರಿಯಾಪದಗಳಿವೆ ನೋಡಿ. ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ಪೇಟ ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಕುಂಕುಮ ಇಡುತ್ತೇವೆ, ಕಾಡಿಗೆ ತೀಡುತ್ತೇವೆ, ಹೂ ಮುಡಿಯುತ್ತೇವೆ. ಈಗ ಬೆಂಗಳೂರಿನಲ್ಲಿ ಅಂಗಿಗೂ ಚಪ್ಪಲಿಗೂ ಬಳೆಗೂ ಕನ್ನಡಕಕ್ಕೂ ‘ಹಾಕಿಕೋ’ ಒಂದೇ ಸಾಕಾಗಿದೆ. ‘ಉಡು’ ಮಾತ್ರ ಸೀರೆಯ ಜೊತೆಗೆ, ಪಂಚೆಯ ಜೊತೆಗೆ ಇನ್ನೂ ಗಟ್ಟಿಯಾಗಿ ನಿಂತಿದೆ. ಹಾಕಿಕೊಳ್ಳುವುದು ತಪ್ಪು ಕನ್ನಡವೆಂದು ನಾವು ಹೇಳುವುದಿಲ್ಲ. ಆದರೆ ಮಗುವಿಗೆ ಒಂದೇ ಕ್ರಿಯಾಪದ ಕೊಟ್ಟು ಉಳಿದ ಎಂಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಅನ್ಯಾಯ.

ಈ ಪಾಠಕ್ಕೆ ಶಿವಾಜಿನಗರದ ರಸೆಲ್ ಮಾರುಕಟ್ಟೆಗಿಂತ ಒಳ್ಳೆಯ ಜಾಗ ಸಿಗಲಾರದು. 1927ರಲ್ಲಿ ಕಟ್ಟಿದ ಆ ಮಾರುಕಟ್ಟೆಯ ಹೂವಿನ ಅಂಗಡಿಗಳಲ್ಲಿ ಒಂದೇ ವ್ಯಾಪಾರ ಮುಗಿಯುವುದರೊಳಗೆ ಮೂರು ಭಾಷೆ ಬಂದು ಹೋಗುತ್ತವೆ. ಅಲ್ಲಿ ಮಲ್ಲಿಗೆ, ಕನಕಾಂಬರ ಕಟ್ಟುತ್ತಾರೆ. ಹಾರವನ್ನು ಸೂಜಿಯಲ್ಲಿ ಪೋಣಿಸುತ್ತಾರೆ. ಬಿಡಿ ಹೂ ತೂಗುತ್ತಾರೆ. ಕಟ್ಟಿದ ಹೂವನ್ನು ಮೊಳ ಹಾಕುತ್ತಾರೆ. ಅದಕ್ಕೂ ಮೊದಲು ಗಿಡ ಹೂ ಬಿಟ್ಟಿರುತ್ತದೆ, ಯಾರೋ ಬಿಡಿಸಿರುತ್ತಾರೆ. ಮನೆಗೆ ಒಯ್ದ ಮೇಲೆ ದೇವರಿಗೆ ಏರಿಸುತ್ತಾರೆ, ಮಗಳಿಗೆ ಮುಡಿಸುತ್ತಾರೆ. ವಿಗ್ರಹದ ಬಲಗಡೆಯಿಂದ ಹೂ ಜಾರಿದರೆ ‘ದೇವರು ಹೂ ಕೊಟ್ಟಿತು’ ಎನ್ನುತ್ತಾರೆ; ಅಲ್ಲಿ ‘ಬಿತ್ತು’ ಎಂದರೆ ಅಜ್ಜಿಯರು ಒಪ್ಪುವುದಿಲ್ಲ. ಹೂವೊಂದರ ಸುತ್ತ ಇಷ್ಟು ಬಿಟ್ಟ ಸ್ಥಳಗಳಿವೆ. ಇವನ್ನು ಒಂದೊಂದಾಗಿ ಕೇಳಿ ನೋಡಿ, ತಮಿಳು ಮನೆಯ ಮಗು ‘ಕಟ್ಟು’ ಎಂಬುದನ್ನು ಥಟ್ಟನೆ ಹೇಳುತ್ತದೆ, ಏಕೆಂದರೆ ಅದು ಎರಡೂ ಭಾಷೆಯ ಸೊತ್ತು. ‘ಮುಡಿ’ಯ ಹತ್ತಿರ ಬಂದಾಗ ಇದು ನಮ್ಮ ಮನೆಯದಕ್ಕಿಂತ ಬೇರೆ ಎಂದು ಅದಕ್ಕೇ ತಿಳಿಯುತ್ತದೆ.

ಬೀಡಿಯದೂ ಹೀಗೆಯೇ. ಉರ್ದುವಿನಲ್ಲಿ ಬೀಡಿ ಕುಡಿಯುತ್ತಾರೆ, ತಮಿಳಿನಲ್ಲಿ ಹಿಡಿಯುತ್ತಾರೆ, ಕನ್ನಡದಲ್ಲಿ ಸೇದುತ್ತಾರೆ. ಬಾವಿಯಿಂದ ನೀರು ಸೇದುವುದನ್ನು ಕಾಣದ ಮಗುವಿಗೂ ‘ಸೇದು’ ಎಂಬುದು ಈಗ ಬೀಡಿಯ ಜೊತೆಗೇ ಸಿಗಬೇಕಾಗಿದೆ. ಪಾಠಕ್ಕೆ ಬೀಡಿ ಬೇಡವೆನ್ನುವವರು ಹಣದ ಮಾತಿಗೆ ಬರಲಿ: ನೋಟು ಮುರಿಸು, ಸಾಲ ತೀರಿಸು, ಬಡ್ಡಿ ಕಟ್ಟು, ಚೀಟಿ ಕೂಗು.

ಹಲಸೂರು, ಶಿವಾಜಿನಗರಗಳಿರುವ ಬೆಂಗಳೂರಿನ ದಂಡು ಪ್ರದೇಶ ಮನೆಮಾತು ಬೇರೆಯಾದವರ ಈ ಕಷ್ಟವನ್ನು ಮೊದಲಿನಿಂದ ಕಂಡಿದೆ. 1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಪಕ್ಕ ಬೀಡು ಬಿಟ್ಟಿತು. ಅದರ ಹಿಂದೆ ತಮಿಳು, ತೆಲುಗು, ಉರ್ದು ಮಾತಾಡುವ ಜನ ಬಂದು ನೆಲೆಸಿದರು. 1881ರಿಂದ 1947ರವರೆಗೆ ಇದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಮೈಸೂರು ಅರಸರ ಆಡಳಿತದ ಹೊರಗಿತ್ತು. ಪೇಟೆಗೂ ದಂಡಿಗೂ ನಡುವೆ ದೂರವಿದ್ದದ್ದು ಕೆಲವೇ ಮೈಲಿ, ಆದರೆ ಆಡಳಿತ ಬೇರೆ, ಬೀದಿಯ ಮಾತು ಬೇರೆ. ಎರಡೂ ಪುರಸಭೆಗಳು ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಇಲ್ಲಿನ ಹಳೆಯ ಕುಟುಂಬಗಳು ಕನ್ನಡ ಕಲಿಯಲಿಲ್ಲ ಎಂದು ದೂರುವವರು ಈ ವರ್ಷಗಳನ್ನೂ ನೆನಪಿಟ್ಟುಕೊಳ್ಳಬೇಕು.

ಮಿಷನರಿಗಳಾಗಿ ಹೊರಗಿನಿಂದ ಬಂದು ಕನ್ನಡದ ಪದಕ್ಕೆ ಪದ ಹುಡುಕಿದವರ ಗುರುತೂ ಇಲ್ಲೇ ಇದೆ. ವಿಲಿಯಂ ರೀವ್ 1832ರಲ್ಲಿ ಮದರಾಸಿನಲ್ಲಿ ಹೊರತಂದ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿದರು. ಅದು 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಫರ್ಡಿನೆಂಡ್ ಕಿಟೆಲ್ ದುಡಿದದ್ದು ಮಂಗಳೂರು, ಧಾರವಾಡ, ಮಡಿಕೇರಿಗಳಲ್ಲಿ. ಅವರ ಪ್ರತಿಮೆ ಇರುವುದು ಎಂ.ಜಿ. ರಸ್ತೆಯಲ್ಲಿ, ಆಸ್ಟಿನ್ ಟೌನಿಗೆ ಇಟ್ಟದ್ದು ಅವರ ಹೆಸರು. 1894ರ ಅವರ ನಿಘಂಟನ್ನು ಅರ್ಥಕ್ಕಾಗಿ ನೋಡುವವರು ಬಹಳ. ಅವರು ಅರ್ಥ ಕೊಟ್ಟು ಸುಮ್ಮನಾಗಲಿಲ್ಲ. ಹಳೆಯ ಕಾವ್ಯದಿಂದ, ದಾಸರ ಪದಗಳಿಂದ, ಜನರ ಬಾಯಲ್ಲಿದ್ದ ಗಾದೆಗಳಿಂದ ಪ್ರಯೋಗ ತಂದು ಪಕ್ಕದಲ್ಲಿಟ್ಟರು. ಪದ ಯಾರ ಜೊತೆ ಕೂರುತ್ತದೆ ಎಂದು ತೋರಿಸದೆ ಅದರ ಅರ್ಥ ಹೇಳಿದಂತಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೂ ಪ್ರಯೋಗಗಳನ್ನೇ ಆಧಾರ ಮಾಡಿಕೊಂಡಿತು. ಅದರ ಹಿಂದಿದ್ದ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಒಂದೊಂದು ಪದದ ಸಂಶಯಕ್ಕೂ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರ ಕೊಟ್ಟರು. ಆ ತಾಳ್ಮೆ ನಮ್ಮ ಅಭ್ಯಾಸ ಪುಸ್ತಕಗಳಿಗೆ ಇಳಿಯಲಿಲ್ಲ.

2015ರ ಕನ್ನಡ ಕಲಿಕೆ ಕಾಯ್ದೆ ಬಂದ ಮೇಲೆ, 2017–18ರಿಂದ ಒಂದನೇ ತರಗತಿಯಿಂದ ಹಂತ ಹಂತವಾಗಿ ಕನ್ನಡ ಕಡ್ಡಾಯವಾಯಿತು. ಇಂದಿರಾನಗರದ ದೊಡ್ಡ ಶಾಲೆಗಳಿಗೂ ಕನ್ನಡದ ಪಿರಿಯಡ್ ಬಂತು. ಪಿರಿಯಡ್ ಬಂದರೆ ಸಾಲದು, ಅದರೊಳಗಿನ ವಾಕ್ಯ ಹೇಗಿದೆ ಎಂಬುದೇ ನಮ್ಮ ಚಿಂತೆ. ‘ಸೂರ್ಯನು ಪೂರ್ವ ದಿಕ್ಕಿನಲ್ಲಿ ______’ ಎಂದು ಕೇಳಿ ‘ಉದಯಿಸುತ್ತಾನೆ’ ಒಂದನ್ನೇ ಸರಿಯೆಂದರೆ, ‘ಹುಟ್ಟುತ್ತಾನೆ’ ಎಂದ ಮಗು, ‘ಮೂಡುತ್ತಾನೆ’ ಎಂದ ಮಗು ಎಲ್ಲಿಗೆ ಹೋಗಬೇಕು? ‘ಮಳೆ ಜೋರಾಗಿ ______’ ಎಂಬುದಕ್ಕೆ ಬಂತು, ಸುರಿಯಿತು, ಹೊಯ್ಯಿತು ಮೂರೂ ಸರಿ. ಇಲ್ಲಿ ಸೋತದ್ದು ಮಗುವಲ್ಲ, ವಾಕ್ಯ ಬರೆದವರು. ಅದನ್ನೇ ‘ಮೂರು ದಿನದಿಂದ ಮಳೆ ______ಕೊಂಡಿದೆ, ಒಗೆದ ಬಟ್ಟೆ ಒಣಗಿಲ್ಲ’ ಎಂದು ಬರೆಯಿರಿ. ‘ಹಿಡಿದು’ ತಾನಾಗಿ ಬಂದು ಕೂರುತ್ತದೆ. ಒಣಗದ ಬಟ್ಟೆ ಮಗುವಿಗೆ ಗೊತ್ತು. ಪದ ಗೊತ್ತಿಲ್ಲದಿದ್ದರೂ ಯಾವ ತರಹದ ಮಳೆ ಎಂದು ಗೊತ್ತು. ಅಲ್ಲಿಂದ ಪದಕ್ಕೆ ಒಂದೇ ಹೆಜ್ಜೆ.

ಇನ್ನೊಂದು ಮಾತು, ಮೇಷ್ಟರಿಗೂ ಮಿಸ್ಸುಗಳಿಗೂ. ‘ಇಟ್ಟಳು’ ಎಂದು ಬರೆದ ಮಗುವಿಗೆ ಅರ್ಧ ಅಂಕವಾದರೂ ಕೊಡಿ. ನಿಮ್ಮ ಮನೆಯಲ್ಲಿ ಏನಂತೀರಪ್ಪಾ ಎಂದು ಕೇಳಿ, ತರಗತಿಯ ಮುಂದೆ ಹೇಳಿಸಿ, ಆಮೇಲೆ ‘ಮುಡಿ’ ಕೊಡಿ. ಬೇರೆ ಭಾಷೆಯನ್ನು ತಪ್ಪು ಮಾಡಿ ಕಲಿಸಿದ ಕನ್ನಡ ಪರೀಕ್ಷೆಯ ದಿನಕ್ಕೆ ಮುಗಿಯುತ್ತದೆ.

ಮುಂದಿನ ಸಂಚಿಕೆಯಿಂದ ಅರ್ಧ ಪುಟವನ್ನು ಇಂಥ ವಾಕ್ಯಗಳಿಗೆ ಮೀಸಲಿಡುತ್ತಿದ್ದೇವೆ. ನಿಮ್ಮ ಬೀದಿಯಲ್ಲಿ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದ ಒಂದು ವಾಕ್ಯವನ್ನು, ಒಂದೇ ಒಂದು ಪದಕ್ಕೆ ಮಾತ್ರ ಜಾಗವಿರುವಂತೆ, ಆ ಪದ ಬಿಟ್ಟು ಬರೆದು ಕಳಿಸಿ. ಎಲ್ಲಿ ಕೇಳಿದಿರಿ ಎಂದು ಕೆಳಗೆ ನಮೂದಿಸಿ. ಮನೆಯಲ್ಲಿ ತಮಿಳು, ತೆಲುಗು, ಉರ್ದು, ಮಲಯಾಳ ಆಡುವವರ ಕಾಗದಗಳಿಗೆ ಮೊದಲ ಜಾಗ.