ಮುಚ್ಚಿದ್ದು ಕಣ್ಣು, ಕಾಲಿಗೇನಾಯ್ತು?

ಈ ವಾರ ಮನೆಯ ಮಕ್ಕಳಿಗೆ ಒಂದು ಚಿಕ್ಕ ಪ್ರಯೋಗ. ಬೇಕಾಗಿರೋದು ಒಂದು ದಿಂಬು, ಮೊಬೈಲ್‌ನ ಸ್ಟಾಪ್‌ವಾಚ್, ಬಿದ್ದರೆ ಹಿಡಿದುಕೊಳ್ಳೋಕೆ ಪಕ್ಕದಲ್ಲಿ ಒಬ್ಬರು ದೊಡ್ಡವರು. ಅಷ್ಟೇ.

ಮಗುವನ್ನು ಗೋಡೆಯ ಹತ್ತಿರ ಬರಿಗಾಲಲ್ಲಿ, ಒಂಟಿ ಕಾಲ ಮೇಲೆ ನಿಲ್ಲಿಸಿ. ಎಷ್ಟು ಸೆಕೆಂಡ್ ನಿಂತಿತು ಅಂತ ಬರೆದುಕೊಳ್ಳಿ. ಆಮೇಲೆ ಅದೇ ಕಾಲಲ್ಲಿ, ಕಣ್ಣು ಮುಚ್ಚಿಸಿ. ಕೊನೆಗೆ ಕಣ್ಣು ಬಿಟ್ಟುಕೊಂಡು, ದಿಂಬಿನ ಮೇಲೆ.

ದಸರಾ ರಜೆಗೆ ಕಡೂರು, ತರೀಕೆರೆಯಿಂದ ಅಕ್ಕಂದಿರ ಮಕ್ಕಳು ಅಜ್ಜಂಪುರದ ನಮ್ಮ ಮನೆಗೆ ಬಂದಿದ್ದಾಗ ಇದನ್ನು ಮಾಡಿದ್ವಿ. ಕುಂಟೆಬಿಲ್ಲೆಯಲ್ಲಿ ಯಾರಿಗೂ ಸೋಲದ ತರೀಕೆರೆಯ ಹುಡುಗಿ ಕಣ್ಣು ಬಿಟ್ಟು ಒಂದು ನಿಮಿಷ ಅಲುಗದೆ ನಿಂತಳು. ಮುಚ್ಚಿದಾಗ 8 ಸೆಕೆಂಡ್! "ಮಾವ, ಮುಚ್ಚಿದ್ದು ಕಣ್ಣು ತಾನೇ? ಕಾಲಿಗೇನಾಯ್ತು?" ಅಂದಳು.

ಒಳ್ಳೆಯ ಪ್ರಶ್ನೆ. ನಾವು ನೆಟ್ಟಗೆ ನಿಲ್ಲಬೇಕಾದರೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತಿರಬೇಕು. ಮೊದಲನೆಯದು ಒಳಕಿವಿ. ಅಲ್ಲಿ ಅರ್ಧವೃತ್ತದ ಆಕಾರದ ಮೂರು ಪುಟ್ಟ ಕೊಳವೆಗಳಿವೆ. ತಲೆ ತಿರುಗಿಸಿದಾಗ ಅದರೊಳಗಿನ ದ್ರವದ ಚಲನೆಯಿಂದ ಯಾವ ಕಡೆ ತಿರುಗಿದೆವು ಅನ್ನೋದು ಗೊತ್ತಾಗುತ್ತೆ. ಎರಡನೆಯದು ಕಣ್ಣು: ಎದುರಿಗಿನ ಬಾಗಿಲು, ಕಂಬ ನೋಡಿ ನಾವು ವಾಲುತ್ತಿದ್ದೇವೆಯೇ ಅಂತ ಹೇಳುತ್ತೆ. ಮೂರನೆಯದು ಪಾದ, ಕೀಲು, ಸ್ನಾಯುಗಳು.

ಮೊಬೈಲನ್ನು ಅಡ್ಡ ಹಿಡಿದ ಕೂಡಲೇ ಪರದೆ ತಿರುಗೋದು ಒಳಗಿರುವ ಸೆನ್ಸರ್‌ನಿಂದ. ನಮ್ಮ ದೇಹದಲ್ಲಿ ಅಂಥವು ಮೂರು ಬಗೆ. ಕಣ್ಣು ಮುಚ್ಚಿದರೆ ಒಂದು ಕೈಬಿಟ್ಟಿತು. ಮೆತ್ತನೆಯ ದಿಂಬು ಹತ್ತಿದರೆ ಪಾದದ ಸುದ್ದಿ ಮಸುಕಾಯಿತು. ಉಳಿದವೇ ಭಾರ ಹೊರಬೇಕು. 19ನೇ ಶತಮಾನದ ಬರ್ಲಿನ್ ವೈದ್ಯ ಮೊರಿಟ್ಜ್ ರೋಂಬರ್ಗ್ ಇದನ್ನು ರೋಗಿಗಳಲ್ಲಿ ಗಮನಿಸಿದ್ದರು. ಎರಡೂ ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಿ ಅಂತ ನರರೋಗ ತಜ್ಞರು ಇಂದಿಗೂ ಮಾಡುವ ಪರೀಕ್ಷೆಗೆ ಅವರದೇ ಹೆಸರು.

ಈಗ ಮನೆಯ ಹಿರಿಯರನ್ನು ನೆನೆಸಿಕೊಳ್ಳಿ. ವಯಸ್ಸಾದಂತೆ ಒಳಕಿವಿಯ ಚುರುಕು ಕಮ್ಮಿಯಾಗುತ್ತೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದ ಜೋಮು ಹಿಡಿದಂತಾಗಿ ನೆಲವೇ ಸರಿಯಾಗಿ ತಿಳಿಯದಿರಬಹುದು. ಅಂಥವರಿಗೆ ಕಣ್ಣೇ ಊರುಗೋಲು. ರಾತ್ರಿ ಕರೆಂಟ್ ಹೋದಾಗ ಬಚ್ಚಲಿಗೆ ಎದ್ದರೆ ಆ ಊರುಗೋಲೂ ಇಲ್ಲ! ಪ್ರಪಂಚದಲ್ಲಿ ಅಪಘಾತದ ಸಾವುಗಳ ಪೈಕಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದರದ್ದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ವಯಸ್ಸಾಯ್ತು, ಬಿದ್ರು" ಅಂತ ಸುಮ್ಮನಾಗುವ ವಿಷಯ ಅಲ್ಲ ಇದು.

ಒಂಟಿ ಕಾಲಿನ ಆಟಕ್ಕೆ ಅಜ್ಜ-ಅಜ್ಜಿಯನ್ನು ಎಳೆಯಬೇಡಿ. ಬದಲಿಗೆ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಿ. ಅಜ್ಜಿಯ ಹಾಸಿಗೆಯಿಂದ ಬಚ್ಚಲ ತನಕ ನಡೆದು, ಕಾಲಿಗೆ ಸಿಗುವುದನ್ನೆಲ್ಲ ಪಟ್ಟಿ ಮಾಡಲಿ: ಜಾರುವ ಕಾಲೊರಸು, ಚಾರ್ಜರ್ ವೈರು, ಹೊಸ್ತಿಲು, ಒದ್ದೆ ನೆಲ. ತೆಗೆಯಬಹುದಾದ್ದನ್ನು ಅವತ್ತೇ ತೆಗೆಯಿರಿ. ದಾರಿಗೊಂದು ಸಣ್ಣ ರಾತ್ರಿ ದೀಪ, ಕರೆಂಟ್ ಹೋದರೆ ಬೇಕಲ್ಲ, ದಿಂಬಿನ ಪಕ್ಕ ಒಂದು ಟಾರ್ಚ್ ಇರಲಿ.